ವಚನ ಕಂಠಪಾಠಕ್ಕೆ ಓಣಿಯ ಮಕ್ಕಳನ್ನು ಅಣಿ ಮಾಡುವುದು ಹೇಗೆ?

ಶ್ರಾವಣದ ಪ್ರವಚನದ ಬೆನ್ನಿಗೇ ಧಾರವಾಡ, ಗದಗ, ಹಾವೇರಿ ಕಡೆಯ ಎಷ್ಟೋ ಮಠಗಳಲ್ಲಿ ವಚನ ಕಂಠಪಾಠ ಸ್ಪರ್ಧೆ ಇರುತ್ತದೆ. ಓಣಿಯ ಮಕ್ಕಳನ್ನು ಕೂಡಿಸಿ ತಯಾರಿ ಮಾಡಿಸುವವರು ಆರೇಳು ಮಕ್ಕಳಿಗೇ ನಿಲ್ಲಿಸಿ. ಹೆಚ್ಚಾದರೆ ಯಾರಿಗೆ ಬರುತ್ತದೆ, ಯಾರು ಬರೀ ಬಾಯಿ ಆಡಿಸುತ್ತಿದ್ದಾರೆ ತಿಳಿಯುವುದಿಲ್ಲ.

ಮೊದಲು ನಿಯಮದ ಹಾಳೆ ಓದಿ: ಎಷ್ಟು ವಚನ, ಎಷ್ಟು ನಿಮಿಷ, ಅರ್ಥ ಕೇಳುತ್ತಾರೋ ಇಲ್ಲವೋ. 21 ವಚನಗಳಿದ್ದರೆ ವಾರಕ್ಕೆ ಮೂರರಂತೆ 7 ವಾರ, ಉಜಳಣಿಗೆ ಇನ್ನೊಂದು ವಾರ.

ಪಾಠ ಆರಿಸುವಾಗ ವಾಟ್ಸ್ಆ್ಯಪ್ ಚಿತ್ರಗಳನ್ನು ನಂಬಲೇಬೇಡಿ. ಯಾರದೋ ಸುಭಾಷಿತಕ್ಕೆ ಬಸವಣ್ಣನವರ ಫೋಟೊ ಅಂಟಿಸಿರುತ್ತಾರೆ. ಸರ್ಕಾರ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಂಪುಟ ಗ್ರಂಥಾಲಯದಲ್ಲಿ ಸಿಕ್ಕರೆ ಅದರೊಂದಿಗೆ ತಾಳೆ ನೋಡಿ, ದೊಡ್ಡ ಅಕ್ಷರದಲ್ಲಿ ನೀವೇ ಬರೆದು ಝೆರಾಕ್ಸ್ ಮಾಡಿಸಿ.

ಹೆಚ್ಚಿನವರು ಎಡವುವುದು ಪದ ಒಡೆಯುವಲ್ಲಿ. ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ’ ಎಂಬುದನ್ನು ಕೇಳಿಯಷ್ಟೇ ಕಲಿತ ಹುಡುಗ ‘ಜಂಗ’ ಎಂದು ಉಸಿರು ತೆಗೆದುಕೊಂಡು ‘ಮಕ್ಕಳಿವಿಲ್ಲ’ ಎನ್ನುತ್ತಾನೆ. ಎದುರು ಕೂತವರಿಗೆ ನಗು, ಅವನಿಗೆ ಕಾರಣ ಗೊತ್ತಿಲ್ಲ. ಬಾಯಿಪಾಠಕ್ಕೆ ಮೊದಲೇ ಹಲಗೆಯ ಮೇಲೆ ‘ಜಂಗಮಕ್ಕೆ, ಅಳಿವು, ಇಲ್ಲ’ ಎಂದು ಬಿಡಿಸಿ ಬರೆಯಿರಿ. ಅಳಿವು ಎಂದರೇನೆಂದು ಮಕ್ಕಳೇ ಹೇಳಲಿ. ಆಮೇಲೆ ಕೂಡಿಸಿ ಅನ್ನಿಸಿ. ಉಸಿರು ಬಿಡುವ ಜಾಗಕ್ಕೆ ಕೆಂಪು ಗೀಟು ಹಾಕಿಸಿ. ‘ಶಿವಾಲಯವ’ ಎಂಬುದನ್ನು ‘ಶಿವಾಲಯವನ್ನು’ ಎಂದು, ‘ನಾನೇನ’ ಎಂಬುದನ್ನು ‘ನಾನೇನು’ ಎಂದು ತಿದ್ದಿಬಿಡುವುದು ಶಾಲೆಯ ಕನ್ನಡದ ರೂಢಿ. ಮೊದಲ ದಿನವೇ ತಡೆಯದಿದ್ದರೆ ನಾಲಿಗೆಗೆ ಅದೇ ಕೂತುಬಿಡುತ್ತದೆ.

ಯೂಟ್ಯೂಬ್ ಹಾಡು ಹಚ್ಚಿ ಕೂಡಿಸುವುದು ಸುಲಭದ ದಾರಿ, ಆದರೆ ಕೆಟ್ಟ ದಾರಿ. ಹಾಡುವವರು ಒಂದೇ ಸಾಲನ್ನು ಮೂರು ಸಲ ಅನ್ನುತ್ತಾರೆ, ಮಗು ವೇದಿಕೆಯ ಮೇಲೂ ಮೂರು ಸಲ ಅನ್ನುತ್ತದೆ. ರಾಗ ಬೇಕಿದ್ದರೆ ಪಾಠ ಗಟ್ಟಿಯಾದ ಮೇಲೆ.

ಇನ್ನೊಂದು ಕುತ್ತು ಅಂಕಿತ, ಅಂದರೆ ವಚನದ ಕೊನೆಗೆ ಬರುವ ವಚನಕಾರರ ಗುರುತಿನ ಹೆಸರು. ಬಸವಣ್ಣನವರ ಕೂಡಲಸಂಗಮದೇವ, ಚೆನ್ನಬಸವಣ್ಣನವರ ಕೂಡಲಚೆನ್ನಸಂಗಮದೇವ ಅದಲುಬದಲಾಗುತ್ತವೆ. ಆಯ್ದಕ್ಕಿ ಮಾರಯ್ಯನವರ ಅಮರೇಶ್ವರಲಿಂಗಕ್ಕೂ ಲಕ್ಕಮ್ಮನವರ ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೂ ಅದೇ ಗತಿ. ಇಂಥ ಜೋಡಿಗಳನ್ನು ಒಂದೇ ವಾರ ಕಲಿಸಬೇಡಿ. ನಮ್ಮ ಚೌಡದಾನಪುರದ ಅಂಬಿಗರ ಚೌಡಯ್ಯನವರಿಗೆ ತಮ್ಮ ಹೆಸರೇ ಅಂಕಿತ, ಅದನ್ನು ಯಾವ ಮಗುವೂ ಮರೆಯುವುದಿಲ್ಲ. ದಿನವೂ ಮೊದಲಿಂದಲೇ ಶುರು ಮಾಡಿದರೆ ಕೊನೆಯ ಸಾಲು ಹಸಿಯಾಗಿಯೇ ಉಳಿಯುತ್ತದೆ. ಅಂಕಿತದ ಸಾಲನ್ನು ಮೊದಲು ಕಲಿಸಿ, ಅದರ ಹಿಂದಿನದನ್ನು ಸೇರಿಸುತ್ತ ಮೇಲಕ್ಕೆ ಹೋಗಿ.

ಒಂದು ಬೈಠಕ್ಕಿಗೆ 40 ನಿಮಿಷ ಸಾಕು, ಮೊದಲ ಹತ್ತು ಹಳೆಯವುಗಳಿಗೆ. ಗಿರಮಿಟ್ ತರಿಸುವುದಾದರೆ ಕೊನೆಗೆ ತರಿಸಿ. ಖಾರ ತಿಂದ ಬಾಯಲ್ಲಿ ವಚನ ಏಳುವುದಿಲ್ಲ.

ಕೊನೆಯ ವಾರ ಮೈಕ್ ಮುಂದೆ ನಿಲ್ಲಿಸಿ, ಬಾಯಿಗೂ ಅದಕ್ಕೂ ಒಂದು ಗೇಣು ಅಂತರ. ಹೆಸರು ಕೊಡುವಾಗ ಶಾಲೆಯ ದಾಖಲೆಯಲ್ಲಿದ್ದಂತೆ ಬರೆದುಕೊಡಿ. ಬಾಯಿಮಾತಿನಲ್ಲಿ ಹೇಳಿದರೆ ಪ್ರಮಾಣಪತ್ರದಲ್ಲಿ ತಪ್ಪು ಬೀಳುತ್ತದೆ, ತಿದ್ದಿಸಲು ಮತ್ತೆ ಅಲೆಯಬೇಕು.