ಲಡಾಖ್‌ನಲ್ಲಿ ಸುಮ್ಮನೆ ಕೂತು ಕಲಿತದ್ದು

ಮೊದಲ ಸಲ ಲೇಹ್‌ಗೆ ಹೋದಾಗ ನನ್ನನ್ನು ಮಲಗಿಸಿದ್ದು ನನ್ನ ಫಿಟ್‌ನೆಸ್ಸಿನ ಧಿಮಾಕು. ವಾರಕ್ಕೆ ನಾಲ್ಕು ದಿನ ಮಲ್ಪೆಯ ಮರಳಲ್ಲಿ ಓಟ, ಭಾನುವಾರ ಉಡುಪಿಯಿಂದ ಸೈಕಲ್ ತುಳಿದು ಮಣಿಪಾಲದ ಎಂಡ್ ಪಾಯಿಂಟ್. ಕುದುರೆಮುಖ ಮೂರು ಸಲ ಹತ್ತಿ ಇಳಿದವನಿಗೆ ಲೇಹ್ ಎಂತ ಮಹಾ? ಬಜಪೆಯಲ್ಲಿ ವಿಮಾನ ಹತ್ತಿ, ರಾತ್ರಿ ದೆಹಲಿಯಲ್ಲಿ ಕಳೆದು, ಮರುದಿನ ಬೆಳಗ್ಗೆ ಸೀದಾ 3,500 ಮೀಟರ್ ಎತ್ತರದಲ್ಲಿ ಇಳಿದೆ. ಕುದುರೆಮುಖದ ತುದಿ 1,900 ಮೀಟರ್ ಕೂಡ ಮುಟ್ಟುವುದಿಲ್ಲ ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಮಧ್ಯಾಹ್ನವೇ ಶಾಂತಿ ಸ್ತೂಪದ ಮೆಟ್ಟಿಲುಗಳನ್ನು ಓಡಿ ಹತ್ತಿದೆ. ಮರುದಿನ ಬಾಡಿಗೆ ಬೈಕಿನಲ್ಲಿ ಖರ್ದುಂಗ್ ಲಾ (ಲಾ ಅಂದರೆ ಬೆಟ್ಟ ದಾಟುವ ಕಣಿವೆದಾರಿ).

ಅಲ್ಲಿನ ಬೋರ್ಡು 18,380 ಅಡಿ ಎನ್ನುತ್ತಿತ್ತು. ಅಳತೆ ಮಾಡಿದವರು 5,359 ಮೀಟರ್ ಎನ್ನುತ್ತಾರೆ, ಅಂದರೆ ಬೋರ್ಡಿಗಿಂತ ಏಳೆಂಟು ನೂರು ಅಡಿ ಕಡಿಮೆ. ನನಗೆ ಅಷ್ಟೇ ಧಾರಾಳ ಸಾಕಾಯಿತು. ಫೋಟೋ ತೆಗೆಸಿಕೊಂಡು ಐದು ನಿಮಿಷದಲ್ಲಿ ಅದೇ ಬೋರ್ಡಿನ ಹಿಂದೆ ವಾಂತಿ ಮಾಡಿದೆ. ಒಂದು ಸೈಜ್ ಚಿಕ್ಕ ಹೆಲ್ಮೆಟ್ಟನ್ನು ಯಾರೋ ಒತ್ತಿ ಕೂರಿಸಿದ ಹಾಗೆ ತಲೆನೋವು. ಟ್ಯಾಕ್ಸಿಯವನೊಬ್ಬ ನೋಡಿ, ‘ಕೆಳಗೆ ಹೋಗಿ, ಬೇರೆ ಮದ್ದಿಲ್ಲ’ ಎಂದ. ಆಮೇಲಿನ ಎರಡು ದಿನ ನಾನು ನೋಡಿದ ಲಡಾಖ್ ಅಂದರೆ ಹೋಟೆಲ್ ಕೋಣೆಯ ಸೀಲಿಂಗು.

ಮನೆಗೆ ಬಂದ ಮೇಲೆ ಓದಲು ಕೂತೆ. ಮೊದಲು ತಿಳಿದದ್ದು, ‘ಮೇಲೆ ಆಮ್ಲಜನಕದ ಪ್ರಮಾಣ ಕಡಿಮೆ’ ಎಂದು ನಾನು ಅಂದುಕೊಂಡದ್ದೇ ತಪ್ಪು. ಗಾಳಿಯಲ್ಲಿ ಅದರ ಪಾಲು ಮಲ್ಪೆಯಲ್ಲೂ ಶೇಕಡಾ 21, ಖರ್ದುಂಗ್ ಲಾದಲ್ಲೂ ಶೇಕಡಾ 21. ಇಳಿಯುವುದು ಗಾಳಿಯ ಒತ್ತಡ. ಬ್ಯಾಗಿನಲ್ಲಿದ್ದ ಬಾಳೆಕಾಯಿ ಚಿಪ್ಸ್ ಪ್ಯಾಕೆಟ್ ಲೇಹ್‌ನಲ್ಲಿ ಒಡೆಯುವಷ್ಟು ಉಬ್ಬಿದ್ದು ಅದಕ್ಕೇ. ಕಡಲತೀರದ ಒತ್ತಡದ ಸುಮಾರು ಮೂರನೇ ಎರಡರಷ್ಟು ಮಾತ್ರ ಅಲ್ಲಿರುವುದು, ಆದ್ದರಿಂದ ಒಂದೊಂದು ಉಸಿರಿಗೂ ಒಳಗೆ ಹೋಗುವ ಆಮ್ಲಜನಕವೂ ಅಷ್ಟೇ.

ಎರಡನೆಯದು ಧಿಮಾಕಿಗೆ ಸಂಬಂಧಪಟ್ಟದ್ದು. 1962ರ ಯುದ್ಧದ ಕಾಲದಲ್ಲಿ ನಮ್ಮ ಸೈನಿಕರನ್ನು ಬಯಲಿನಿಂದ ಗಡಿಬಿಡಿಯಲ್ಲಿ ಎತ್ತರಕ್ಕೆ ಸಾಗಿಸಿದ್ದರು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಹಾಗೆ ಕಾಯಿಲೆ ಬಿದ್ದ 1,925 ಸೈನಿಕರ ವಿವರವನ್ನು 1969ರಲ್ಲಿ ಪ್ರಕಟಿಸಿದರು. ಗಟ್ಟಿಮುಟ್ಟಾದ ಜವಾನರವರು. ಕಾಲು, ಹೃದಯ ಗಟ್ಟಿಯಿದ್ದರೆ ಹತ್ತುವುದು ಸಲೀಸು ಹೌದು, ಆದರೆ ಎತ್ತರದ ಕಾಯಿಲೆಗೆ ಅದು ತಡೆಯಲ್ಲ. ನನ್ನಂಥವನಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಬೇಗ ಬೇಗ ಮೇಲೆ ಹೋಗಲು ಬರುತ್ತದೆ.

ಎರಡು ವರ್ಷ ಬಿಟ್ಟು ಮಾರ್ಖಾ ಕಣಿವೆಯ ಚಾರಣಕ್ಕೆ ಹೊರಟಾಗ ವಿಮಾನ ಶ್ರೀನಗರಕ್ಕೇ ನಿಂತಿತು. ಅಲ್ಲಿ 1,600 ಮೀಟರ್. ರಸ್ತೆಯಲ್ಲಿ ಜೋಜಿ ಲಾ ದಾಟಿ ಕಾರ್ಗಿಲ್‌ನಲ್ಲಿ ಎರಡು ರಾತ್ರಿ, ಸುಮಾರು 2,700 ಮೀಟರ್. ಆಮೇಲೆ ಲೇಹ್‌ನಲ್ಲಿ ಮೂರು ರಾತ್ರಿ. ಮನಾಲಿ ರಸ್ತೆ ಚಂದ ಎನ್ನುವವರಿದ್ದಾರೆ, ಚಂದವೇ ಇರಬಹುದು. ಆದರೆ ಆ ದಾರಿಯಲ್ಲಿ ಸರ್ಚುವಿನಲ್ಲಿ ತಂಗಿದರೆ ಲೇಹ್ ಮುಟ್ಟುವ ಮೊದಲೇ 4,200 ಮೀಟರ್ ದಾಟಿದ ಕಡೆ ಮಲಗಬೇಕು. ಹಗಲಲ್ಲಿ ಎಷ್ಟು ಎತ್ತರ ಮುಟ್ಟಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಎನ್ನುವುದೇ ಲೆಕ್ಕ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು.

ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್ ಕಪಾಟಿನಲ್ಲಿ ಕೊಳೆಯುತ್ತಿತ್ತು, ಅದನ್ನೂ ಒಂದು ನೋಟ್‌ಬುಕ್ಕನ್ನೂ ಒಯ್ದೆ. ಬೆಳಗ್ಗೆ ಎದ್ದ ಕೂಡಲೆ ಬೆರಳನ್ನು ಕಂಕುಳಲ್ಲಿಟ್ಟು ಬಿಸಿ ಮಾಡಿ (ತಣ್ಣನೆ ಬೆರಳು ಸುಳ್ಳು ಹೇಳುತ್ತದೆ), ಅಂಕಿ ನಿಲ್ಲುವವರೆಗೆ ಕಾದು ಬರೆಯುವುದು. ಉಡುಪಿಯಲ್ಲಿ ರಕ್ತದ ಆಮ್ಲಜನಕ ಶೇಕಡಾ 98, ನಾಡಿ 58. ಕಾರ್ಗಿಲ್ ಮೊದಲ ಬೆಳಗ್ಗೆ 92. ಲೇಹ್ ಮೊದಲ ಬೆಳಗ್ಗೆ 87, ನಾಡಿ 84. ಮೂರನೇ ಬೆಳಗ್ಗೆ 90, ನಾಡಿ 72. ಆ ಮೂರು ಅಂಕಿ ಏರಲು ನಾನು ಮಾಡಿದ್ದು ಏನೂ ಇಲ್ಲ. ಬಿಸಿಲಿಗೆ ಕೂತೆ, ಇಸ್ಪೀಟ್ ಆಡಿದೆ, ಪೇಟೆಯಲ್ಲಿ ಅಜ್ಜನ ಹಾಗೆ ನಡೆದೆ.

ಕೆಲಸ ಒಳಗೆ ನಡೆಯುತ್ತಿತ್ತು. ಕುತ್ತಿಗೆಯ ದೊಡ್ಡ ರಕ್ತನಾಳ ಕವಲೊಡೆಯುವಲ್ಲಿ ಎರಡೂ ಬದಿ ಅಕ್ಕಿಕಾಳಿನಷ್ಟು ಅಂಗವೊಂದಿದೆ, ಕೆರೋಟಿಡ್ ಬಾಡಿ. ರಕ್ತದಲ್ಲಿ ಆಮ್ಲಜನಕ ಇಳಿದದ್ದು ಗೊತ್ತಾದೊಡನೆ ಅದು ‘ಜೋರು ಉಸಿರಾಡು’ ಎಂದು ಮಿದುಳಿಗೆ ಹೇಳುತ್ತದೆ. ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಆಗ ಮಿದುಳು ‘ಸಾಕು, ನಿಧಾನಿಸು’ ಎಂದು ಬ್ರೇಕ್ ಹಾಕುತ್ತದೆ. ರಾತ್ರಿ ನಿದ್ದೆಯಲ್ಲಿ ಇವೆರಡರ ಜಗಳ. ಜೊತೆಗೆ ಮಲಗಿದ್ದ ಗೆಳೆಯ ಹತ್ತು ಸೆಕೆಂಡ್ ಉಸಿರೇ ನಿಲ್ಲಿಸಿ, ಆಮೇಲೆ ನೀರಿನಿಂದ ಮೇಲೆ ಬಂದವನ ಹಾಗೆ ಏದುಸಿರು ಬಿಡುತ್ತಿದ್ದ. ಮೊದಲ ರಾತ್ರಿ ಹೆದರಿ ಎಬ್ಬಿಸಿದೆ. ‘ನೀನೂ ಹಾಗೇ ಮಾಡ್ತಾ ಇದ್ದೆ ಮಾರಾಯ’ ಎಂದ.

ಜಗಳ ಬಿಡಿಸುವುದು ಮೂತ್ರಪಿಂಡ. ರಕ್ತದಲ್ಲಿನ ಕ್ಷಾರ, ಅಂದರೆ ಬೈಕಾರ್ಬನೇಟನ್ನು ಅದು ಮೂತ್ರದಲ್ಲಿ ಹೊರಹಾಕುತ್ತದೆ, ಅದಕ್ಕೆ ಕೆಲವು ದಿನ ಬೇಕು. ಬ್ರೇಕ್ ಸಡಿಲಾದಂತೆ ಉಸಿರಾಟ ಇನ್ನಷ್ಟು ಏರುತ್ತದೆ, ಆಕ್ಸಿಮೀಟರ್ ಕೂಡ. ರಾತ್ರಿ ಮೂರು ಸಲ ಎದ್ದು ಮೂತ್ರಕ್ಕೆ ಹೋಗಬೇಕಾಯಿತೆಂದರೆ ಬೈಯಬೇಡಿ, ಅದು ಒಳ್ಳೆಯ ಲಕ್ಷಣ. ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಯಾಮಾಕ್ಸ್ ಮಾತ್ರೆ ಮಾಡುವುದೂ ಇದನ್ನೇ, ಬೈಕಾರ್ಬನೇಟನ್ನು ಬೇಗ ಹೊರಹಾಕಿಸುತ್ತದೆ. ಸಲ್ಫಾ ಅಲರ್ಜಿ ಇದ್ದರೆ ಕಷ್ಟವೆಂದು ವೈದ್ಯರು ಉಡುಪಿಯಲ್ಲೇ ಎರಡು ದಿನ ನುಂಗಿಸಿ ನೋಡಿದರು. ಆಮೇಲೆ ದಾರಿಯಲ್ಲಿ ದಿನಕ್ಕೆರಡು ಸಲ 125 ಮಿಲಿಗ್ರಾಂ. ಬೆರಳ ತುದಿ ಜುಮುಜುಮು ಎನ್ನುತ್ತದೆ, ಸೋಡಾ ಕುಡಿದರೆ ಸಪ್ಪೆ. ಅಮ್ಮ ಕರ್ಪೂರದ ಪೊಟ್ಟಣ ಕಟ್ಟಿ ಕೊಟ್ಟಿದ್ದರು, ಮೂಸಲಿಕ್ಕೆ. ಮೂಸಿದೆ. ಪರಿಮಳ ಬಂತು, ಅಂಕಿ ಏರಲಿಲ್ಲ.

ಅಮ್ಮ ಕಟ್ಟಿದ ಕುಚ್ಚಲಕ್ಕಿಯದ್ದು ಬೇರೆ ಕಥೆ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಒಂದೂವರೆ ಗಂಟೆ ಕುದಿಸಿದರೂ ಕಾಳಿನ ನಡುವೆ ಕಡ್ಡಿ ಉಳಿಯಿತು. ಹೋಂಸ್ಟೇಯ ಅಜ್ಜಿ ನಕ್ಕು ಕುಕ್ಕರ್ ತಂದಿಟ್ಟರು. ಎತ್ತರದಲ್ಲಿ ಹಸಿವು ಸಾಯುತ್ತದೆ, ಆದರೆ ಆ ಗಂಜಿ, ಮಿಡಿ ಉಪ್ಪಿನಕಾಯಿ ಮಾತ್ರ ಒಳಗೆ ಹೋಯಿತು.

ಚಾರಣದಲ್ಲಿ ಹಂಕರ್ ಹಳ್ಳಿಯಿಂದ ನೇರ ನಿಮಾಲಿಂಗ್‌ಗೆ ಹೋಗುವವರಿದ್ದಾರೆ. ನಾವು ನಡುವೆ ತಚುಂಗ್ತ್ಸೆಯಲ್ಲಿ ಒಂದು ರಾತ್ರಿ ನಿಂತೆವು. ಹಾಗಿದ್ದೂ ನಿಮಾಲಿಂಗ್‌ನಲ್ಲಿ, ಸುಮಾರು 4,800 ಮೀಟರ್, ಬೆಳಗ್ಗೆ ನನ್ನ ಅಂಕಿ 80. ತಲೆ ಸ್ವಲ್ಪ ಭಾರ, ಅಷ್ಟೇ. ಬೇರೆ ತಂಡದ ಒಬ್ಬರಿಗೆ ಆ ಸಂಜೆ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನೇರ ನಡೆಯಲು ಆಗಲಿಲ್ಲ, ಕುಡಿದವರಂತೆ ವಾಲಿದರು. ಮಿದುಳು ಊದಿಕೊಳ್ಳುತ್ತಿರುವ ಗುರುತು ಅದು. ಗೈಡ್ ಬೆಳಗಾಗಲಿ ಎಂದು ಕಾಯಲಿಲ್ಲ, ಟಾರ್ಚ್ ಹಿಡಿದು ಆಗಲೇ ಕೆಳಗಿಳಿಸಿದ. ಕೂತಲ್ಲೇ ಏದುಸಿರು, ಕೆಮ್ಮು ಶುರುವಾದರೂ ಹಾಗೆಯೇ, ಅದು ಶ್ವಾಸಕೋಶಕ್ಕೆ ನೀರು ತುಂಬುವ ಲಕ್ಷಣ. ಮರುದಿನ ಕೊಂಗ್ಮಾರು ಲಾ ದಾಟಿದೆ, ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು.

ಊರಿಗೆ ಬಂದವನೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದೆ. ಹೋಗುವ ಮೊದಲು 14.3, ಈಗ 15.4. ಗೆಳೆಯರ ಎದುರು ಜಂಭ ಕೊಚ್ಚಿದ್ದಾಯಿತು. ಆದರೆ ಎಲ್ಲವೂ ಹೊಸ ರಕ್ತವಲ್ಲ. ಎತ್ತರದಲ್ಲಿ ಮೊದಲು ರಕ್ತದ ನೀರಿನಂಶ ಇಳಿಯುತ್ತದೆ. ಗಂಜಿಯ ತಿಳಿ ಬಸಿದರೆ ಅನ್ನ ಹೆಚ್ಚಿದಂತೆ ಕಾಣುತ್ತದಲ್ಲ, ಹಾಗೆ, ಅಗುಳು ಅಷ್ಟೇ ಇರುತ್ತದೆ. ಕೆಂಪು ಕಣ ಹುಟ್ಟಿಸುವ ಇಪಿಒ ಹಾರ್ಮೋನು ಗಂಟೆಗಳಲ್ಲೇ ಏರಿದರೂ ಕೆಂಪು ಕಣ ನಿಜವಾಗಿ ಹೆಚ್ಚಲು ವಾರಗಳು ಬೇಕು. ಟಿಬೆಟಿನ ಜನರದ್ದು ಇನ್ನೂ ವಿಚಿತ್ರ. ಇಪಿಎಎಸ್1 ಎಂಬ ಜೀನಿನ ಬದಲಾವಣೆಯಿಂದ ಅವರ ಹಿಮೋಗ್ಲೋಬಿನ್ ಅಷ್ಟು ಎತ್ತರದಲ್ಲೂ ವಿಪರೀತ ಏರುವುದಿಲ್ಲ, ರಕ್ತ ದಪ್ಪವಾಗುವ ತೊಂದರೆ ತಪ್ಪುತ್ತದೆ. ಒಂದು ತಿಂಗಳಲ್ಲಿ ನಾನು 14.4ಕ್ಕೆ ಬಂದೆ. ಮಲ್ಪೆಯಲ್ಲಿ ಓಟ ಮೊದಲಿನಷ್ಟೇ ನಿಧಾನ, ಸೆಕೆ ಮೊದಲಿಗಿಂತ ಹೆಚ್ಚು.

ಕಳೆದ ವಾರ ಪಕ್ಕದ ಮನೆಯ ಹುಡುಗ ಬಂದಿದ್ದ. ಶುಕ್ರವಾರ ಲೇಹ್‌ಗೆ ವಿಮಾನ, ಶನಿವಾರ ಖರ್ದುಂಗ್ ಲಾ, ಬೈಕಿಗೆ ಮುಂಗಡ ಕೊಟ್ಟಾಗಿದೆ. ಆಕ್ಸಿಮೀಟರ್ ಕೊಟ್ಟು, ಬೈಕನ್ನು ಸೋಮವಾರದ ಮೇಲಕ್ಕೆ ಹಾಕಿಸು ಎಂದೆ. ‘ಅಲ್ಲಿಯವರೆಗೆ ರೂಮಲ್ಲಿ ಕೂತು ಎಂತ ಮಾಡುವುದು?’ ಎಂದ. ಇಸ್ಪೀಟ್ ಕಟ್ಟು ಅಲ್ಲೇ ಇತ್ತು, ಅದನ್ನೂ ಕೊಟ್ಟು ಕಳಿಸಿದೆ.