ಸನ್‌ಸ್ಕ್ರೀನ್ ಕೊಳ್ಳುವ ಮುನ್ನ ಟ್ಯೂಬ್ ತಿರುಗಿಸಿ ಓದಿ

ಸನ್‌ಸ್ಕ್ರೀನ್ ಬಗ್ಗೆ ಎರಡು ಬಗೆಯ ಹೆದರಿಕೆ ಓಡಾಡುತ್ತಿದೆ. ಅದು ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ ಎನ್ನುವುದು ಒಂದು. ಕಡಲಿನ ಹವಳಗಳನ್ನು ಕೊಲ್ಲುತ್ತದೆ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯದ ಅಂಶ ಇದೆ. ಆದರೆ ಇದನ್ನು ಕೇಳಿ ಸನ್‌ಸ್ಕ್ರೀನ್ ಹಚ್ಚುವುದನ್ನೇ ಬಿಟ್ಟವರನ್ನು ಕಂಡರೆ ನನಗೆ ನಿಜಕ್ಕೂ ಕಳವಳವಾಗುತ್ತದೆ.

ಯಾಕೆಂದರೆ ಬಿಸಿಲಿನ ಹಾನಿ ಊಹೆಯ ಮಾತಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನಂಬೋರ್ ಎಂಬ ಊರಿನಲ್ಲಿ 1992ರಿಂದ 1996ರವರೆಗೆ 1,621 ಜನರನ್ನು ಎರಡು ಗುಂಪು ಮಾಡಿ ಅಧ್ಯಯನ ನಡೆಸಿದರು. ಒಂದು ಗುಂಪು ದಿನಾ ಸನ್‌ಸ್ಕ್ರೀನ್ ಹಚ್ಚಬೇಕು. ಇನ್ನೊಂದು ಗುಂಪು ತಮ್ಮ ರೂಢಿಯಂತೆ ಇದ್ದರೆ ಸಾಕು. ದಿನಾ ಹಚ್ಚಿದವರಲ್ಲಿ ಸ್ಕ್ವಾಮಸ್ ಸೆಲ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಗಡ್ಡೆಗಳು ಸುಮಾರು ಶೇ 40ರಷ್ಟು ಕಡಿಮೆಯಾದವು. ಅಧ್ಯಯನ ಮುಗಿದ ಮೇಲೆ ಇನ್ನೂ ಹತ್ತು ವರ್ಷ ಗಮನಿಸಿದಾಗ, ಮೆಲನೋಮ ಎಂಬ ಅಪಾಯಕಾರಿ ಕ್ಯಾನ್ಸರ್ ರೂಢಿಯಂತೆ ಇದ್ದ ಗುಂಪಿನಲ್ಲಿ 22 ಜನರಿಗೆ, ದಿನಾ ಹಚ್ಚಿದ ಗುಂಪಿನಲ್ಲಿ 11 ಜನರಿಗೆ ಬಂದಿತ್ತು. ಚರ್ಮ ಸುಕ್ಕಾಗುವುದೂ ನಿಧಾನವಾಗಿತ್ತು.

ಹಾಗಾಗಿ ಸನ್‌ಸ್ಕ್ರೀನ್ ಬೇಕು. ಯಾವುದು ಬೇಕು, ಎಷ್ಟು ಬೇಕು ಅನ್ನುವುದನ್ನು ಮಾತ್ರ ಸ್ವಲ್ಪ ಗಮನ ಕೊಟ್ಟು ತೀರ್ಮಾನಿಸಬೇಕು.

1. ಮೊದಲು ಬಟ್ಟೆ, ಆಮೇಲೆ ಕ್ರೀಮ್

ಚರ್ಮಕ್ಕೂ ನೀರಿಗೂ ಅತಿ ಕಡಿಮೆ ತೊಂದರೆ ಕೊಡುವ ಸನ್‌ಸ್ಕ್ರೀನ್ ಯಾವುದು ಗೊತ್ತಾ? ಹಚ್ಚುವ ಅಗತ್ಯವೇ ಬೀಳದ ಸನ್‌ಸ್ಕ್ರೀನ್. ತುಂಬು ತೋಳಿನ ಬಟ್ಟೆ, ಅಗಲ ಅಂಚಿನ ಟೋಪಿ, ಕೊಡೆ, ನೆರಳು. ಇವು ಬೆವರಿನಲ್ಲಿ ಕರಗುವುದಿಲ್ಲ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗಿಲ್ಲ, ರಕ್ತಕ್ಕೂ ಸೇರುವುದಿಲ್ಲ.

ಬಿಸಿಲು ತಡೆಯಲೆಂದೇ ಮಾಡಿದ ಬಟ್ಟೆಗಳ ಮೇಲೆ ಯುಪಿಎಫ್ ಎಂಬ ಅಳತೆ ಇರುತ್ತದೆ. ಯುಪಿಎಫ್ 50 ಎಂದರೆ ಅತಿನೇರಳೆ ಕಿರಣಗಳಲ್ಲಿ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಈಜಲು ಹೋಗುವವರು ತುಂಬು ತೋಳಿನ ಈಜುಡುಪು ಹಾಕಿಕೊಂಡರೆ ಬೆನ್ನು, ಹೊಟ್ಟೆ, ತೋಳು ಎಲ್ಲಕ್ಕೂ ಕ್ರೀಮ್ ಬೇಡ. ನೀರಿಗೆ ಸೇರುವ ರಾಸಾಯನಿಕ ಅಷ್ಟರಲ್ಲೇ ಅರ್ಧಕ್ಕಿಂತ ಜಾಸ್ತಿ ಇಳಿಯಬಹುದು. ಹವಳಗಳ ಬಗ್ಗೆ ಕಾಳಜಿ ಇರುವವರು ದುಬಾರಿ ಟ್ಯೂಬ್ ಹುಡುಕುವ ಮೊದಲು ಇದನ್ನು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹವಾಮಾನ ತೋರಿಸುವ ಮೊಬೈಲ್ ಆ್ಯಪ್‌ಗಳಲ್ಲಿ ‘ಯುವಿ ಇಂಡೆಕ್ಸ್’, ಅಂದರೆ ಅತಿನೇರಳೆ (ಯುವಿ) ಕಿರಣಗಳ ತೀವ್ರತೆಯ ಅಳತೆ, ಸಿಗುತ್ತದೆ. ಅದು 3 ಅಥವಾ ಹೆಚ್ಚಿದ್ದರೆ ರಕ್ಷಣೆ ಬೇಕು. ಮೋಡ ಇದೆ ಎಂದು ಸುಮ್ನೆ ಇರಬೇಡಿ, ಮೋಡ ದಾಟಿಯೂ ಈ ಕಿರಣಗಳು ಬರುತ್ತವೆ.

2. ಮುಂಭಾಗದಲ್ಲಿ ನೋಡಬೇಕಾದ್ದು ಮೂರೇ

ಮೊದಲನೆಯದು ಎಸ್‌ಪಿಎಫ್. ಇದು ಮುಖ್ಯವಾಗಿ ಚರ್ಮ ಸುಡುವ ಯುವಿಬಿ ಕಿರಣಗಳ ಲೆಕ್ಕ. ಎಸ್‌ಪಿಎಫ್ 15 ಸುಮಾರು ಶೇ 93ರಷ್ಟು ಯುವಿಬಿ ತಡೆಯುತ್ತದೆ, 30 ಇದ್ದರೆ ಶೇ 97, 50 ಇದ್ದರೆ ಶೇ 98. 30ರಿಂದ 50ಕ್ಕೆ ಹೋದರೆ ಸಿಗುವ ಲಾಭ ಸಣ್ಣದು, 50ರಿಂದ 100ಕ್ಕೆ ಇನ್ನೂ ಸಣ್ಣದು. 100 ಎಂಬ ಅಂಕಿ ನೋಡಿ ಧೈರ್ಯ ತಂದುಕೊಂಡು ಇಡೀ ದಿನ ಬಿಸಿಲಲ್ಲಿ ನಿಲ್ಲುವುದೇ ದೊಡ್ಡ ಅಪಾಯ. 30ರಿಂದ 50ರ ನಡುವಿನದು ಹೆಚ್ಚಿನವರಿಗೆ ಸಾಕು.

ಎರಡನೆಯದು ಯುವಿಎ ರಕ್ಷಣೆ. ಯುವಿಎ ಚರ್ಮದ ಆಳಕ್ಕೆ ಇಳಿಯುತ್ತದೆ, ಕಿಟಕಿಯ ಗಾಜನ್ನೂ ಬಹುಪಾಲು ದಾಟುತ್ತದೆ. ಸುಕ್ಕು ಮತ್ತು ಕಲೆಗಳ ಹಿಂದೆ ಇದರ ಪಾತ್ರ ದೊಡ್ಡದು, ಕ್ಯಾನ್ಸರ್‌ನಲ್ಲೂ ಪಾಲಿದೆ. ಎಸ್‌ಪಿಎಫ್ ಅಂಕಿ ಎಷ್ಟೇ ದೊಡ್ಡದಿದ್ದರೂ ಯುವಿಎ ತಡೆ ಎಷ್ಟು ಅಂತ ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ ‘ಬ್ರಾಡ್ ಸ್ಪೆಕ್ಟ್ರಮ್’ ಎಂಬ ಬರಹ ಇರಲೇಬೇಕು. ಜಪಾನಿನ ಪದ್ಧತಿಯಲ್ಲಿ ‘ಪಿಎ’ ಮುಂದೆ ಒಂದರಿಂದ ನಾಲ್ಕು ಪ್ಲಸ್ ಗುರುತು ಇರುತ್ತದೆ. ಪ್ಲಸ್ ಜಾಸ್ತಿ ಇದ್ದಷ್ಟೂ ಯುವಿಎ ರಕ್ಷಣೆ ಜಾಸ್ತಿ. ಯುರೋಪಿನ ಟ್ಯೂಬ್‌ಗಳಲ್ಲಿ ವೃತ್ತದೊಳಗೆ ‘ಯುವಿಎ’ ಎಂದಿದ್ದರೆ, ಆ ರಕ್ಷಣೆ ಎಸ್‌ಪಿಎಫ್‌ನ ಮೂರನೇ ಒಂದು ಪಾಲಾದರೂ ಇದೆ ಎಂದರ್ಥ.

ಮೂರನೆಯದು ನೀರು ತಡೆಯುವ ಗುಣ. ಇದಕ್ಕೂ ಮಿತಿ ಇದೆ. ಅಮೆರಿಕದ ನಿಯಮದಲ್ಲಿ 40 ಅಥವಾ 80 ನಿಮಿಷ ಎಂದು ಬರೆಯಬಹುದು, ಅಷ್ಟೇ.

‘ನ್ಯಾಚುರಲ್’, ‘ಕ್ಲೀನ್’, ‘ಗ್ರೀನ್’ ಅಂತೆಲ್ಲ ಉಳಿದ ಬರಹಗಳಿಗೆ ಸದ್ಯಕ್ಕೆ ಬೆಲೆ ಕೊಡಬೇಡಿ.

3. ಈಗ ಟ್ಯೂಬ್ ತಿರುಗಿಸಿ

ನಿಜವಾದ ಆಯ್ಕೆ ಇರುವುದು ಹಿಂಭಾಗದ ಸಣ್ಣ ಅಕ್ಷರಗಳಲ್ಲಿ. ಬಿಸಿಲು ತಡೆಯುವ ಅಂಶಗಳನ್ನು ಫಿಲ್ಟರ್ ಎನ್ನುತ್ತಾರೆ. ಇವು ಎರಡು ಬಗೆ. ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಖನಿಜ ಫಿಲ್ಟರ್‌ಗಳು. ಉಳಿದವನ್ನು ಕೆಮಿಕಲ್ ಅಥವಾ ಆರ್ಗಾನಿಕ್ ಫಿಲ್ಟರ್ ಎನ್ನುತ್ತಾರೆ. ಖನಿಜದವು ಕನ್ನಡಿಯಂತೆ ಬೆಳಕನ್ನು ವಾಪಸ್ ಕಳಿಸುತ್ತವೆ ಎಂದು ಎಲ್ಲೆಡೆ ಓದುತ್ತೇವೆ. ಅದು ಅಷ್ಟು ಸರಿಯಲ್ಲ. ಅವೂ ಹೆಚ್ಚಿನ ಪಾಲು ಕಿರಣಗಳನ್ನು ಹೀರಿಕೊಂಡೇ ತಡೆಯುತ್ತವೆ. ವ್ಯತ್ಯಾಸ ಇರುವುದು ಅವು ಚರ್ಮದ ಮೇಲೇ ಉಳಿಯುವುದರಲ್ಲಿ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2019ರಲ್ಲಿ ಒಂದು ಪ್ರಸ್ತಾವ ಮುಂದಿಟ್ಟಿತು. ಅದರ ಪ್ರಕಾರ ಆಗ ಬಳಕೆಯಲ್ಲಿದ್ದ 16 ಫಿಲ್ಟರ್‌ಗಳ ಪೈಕಿ ಸುರಕ್ಷಿತ ಎಂದು ಹೇಳುವಷ್ಟು ಮಾಹಿತಿ ಇದ್ದದ್ದು ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್‌ಗೆ ಮಾತ್ರ. ಎರಡು ಫಿಲ್ಟರ್‌ಗಳು ಬೇಡವೇ ಬೇಡ ಎಂದಿತು. ಉಳಿದ 12ಕ್ಕೆ ಇನ್ನಷ್ಟು ಮಾಹಿತಿ ಕೇಳಿತು.

ಅದೇ ಹೊತ್ತಿಗೆ ಎಫ್‌ಡಿಎ ವಿಜ್ಞಾನಿಗಳು ಸ್ವಯಂಸೇವಕರ ಮೈಗೆ ಸನ್‌ಸ್ಕ್ರೀನ್ ಹಚ್ಚಿ ರಕ್ತ ಪರೀಕ್ಷೆ ಮಾಡಿದರು. 2019 ಮತ್ತು 2020ರಲ್ಲಿ ಬಂದ ಫಲಿತಾಂಶದಲ್ಲಿ, ಪರೀಕ್ಷಿಸಿದ ಏಳು ಕೆಮಿಕಲ್ ಫಿಲ್ಟರ್‌ಗಳೂ ರಕ್ತದಲ್ಲಿ ಮಿಲಿಲೀಟರ್‌ಗೆ 0.5 ನ್ಯಾನೋಗ್ರಾಂ ಎಂಬ ಗಡಿ ದಾಟಿದ್ದವು. ಈ ಗಡಿಯನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಅದನ್ನು ದಾಟಿದರೆ ವಿಷ ಎಂದಲ್ಲ, ಮುಂದಿನ ಸುರಕ್ಷತಾ ಪರೀಕ್ಷೆ ಬೇಕು ಎಂದು. ರಕ್ತಕ್ಕೆ ಸೇರುವುದೂ ಹಾನಿ ಮಾಡುವುದೂ ಒಂದೇ ಅಲ್ಲ, ಅಲ್ವಾ? ಸನ್‌ಸ್ಕ್ರೀನ್ ಬಿಡಬೇಡಿ ಎಂದು ಆ ವಿಜ್ಞಾನಿಗಳೇ ಹೇಳಿದ್ದಾರೆ.

ಆದರೂ ಒಂದು ಹೆಸರನ್ನು ನಾನು ಪಟ್ಟಿಯಿಂದ ತೆಗೆದುಬಿಡುತ್ತೇನೆ: ಆಕ್ಸಿಬೆಂಜೋನ್. ಮೇಲಿನ ಪರೀಕ್ಷೆಗಳಲ್ಲಿ ರಕ್ತಕ್ಕೆ ಅತಿ ಹೆಚ್ಚು ಸೇರಿದ್ದು ಇದೇ. ತಾಯಿಯ ಹಾಲಿನಲ್ಲೂ ಕಂಡುಬಂದಿದೆ. ಬಿಸಿಲು ತಾಗಿದಾಗ ಅಲರ್ಜಿ ಎಬ್ಬಿಸುವ ಫಿಲ್ಟರ್‌ಗಳಲ್ಲಿ ಇದು ಮುಂದಿದೆ. ಯುರೋಪಿಯನ್ ಒಕ್ಕೂಟ 2022ರಲ್ಲಿ, ಮೈಗೆಲ್ಲ ಹಚ್ಚುವ ಉತ್ಪನ್ನಗಳಲ್ಲಿ ಇದರ ಮಿತಿಯನ್ನು ಶೇ 6ರಿಂದ ಶೇ 2.2ಕ್ಕೆ ಇಳಿಸಿತು. ಬೇರೆ ಒಳ್ಳೆಯ ಆಯ್ಕೆಗಳು ಇರುವಾಗ ಇದು ಬೇಕಾಗಿಲ್ಲ.

ಒಂದೇ ವಸ್ತುವಿಗೆ ಎರಡು ಹೆಸರು ಇರುವುದರಿಂದ ಕೊಳ್ಳುವವರು ಎಡವುತ್ತಾರೆ. ಆಕ್ಸಿಬೆಂಜೋನ್ ಎಷ್ಟೋ ಟ್ಯೂಬ್‌ಗಳಲ್ಲಿ ಬೆಂಜೋಫಿನೋನ್-3 ಎಂದಿರುತ್ತದೆ. ಮುಂದೆ ಹವಳದ ವಿಷಯದಲ್ಲಿ ಬರುವ ಇನ್ನೊಂದು ಫಿಲ್ಟರ್, ಆಕ್ಟಿನೋಕ್ಸೇಟ್ ಎಂದರೂ ಇಥೈಲ್‌ಹೆಕ್ಸಿಲ್ ಮೆಥಾಕ್ಸಿಸಿನ್ನಮೇಟ್ ಎಂದರೂ ಒಂದೇ. ಈ ನಾಲ್ಕು ಹೆಸರುಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಖನಿಜದ ಎರಡರಲ್ಲಿ ಜಿಂಕ್ ಆಕ್ಸೈಡ್ ಮೇಲು. ಯುವಿಎ ಕಿರಣಗಳ ಇಡೀ ಹರವನ್ನು ಅದು ಚೆನ್ನಾಗಿ ತಡೆಯುತ್ತದೆ. ಟೈಟಾನಿಯಂ ಡೈಆಕ್ಸೈಡ್ ಒಂದೇ ಇದ್ದರೆ ಉದ್ದ ತರಂಗದ ಯುವಿಎಗೆ ರಕ್ಷಣೆ ಕಡಿಮೆ. ‘ಮಿನರಲ್’ ಎಂದು ಮಾರುವ ಕೆಲವು ಕ್ರೀಮ್‌ಗಳಲ್ಲಿ ಬ್ಯುಟೈಲ್‌ಆಕ್ಟೈಲ್ ಸ್ಯಾಲಿಸಿಲೇಟ್ ಎಂಬ ವಸ್ತುವೂ ಇರುತ್ತದೆ. ಲೆಕ್ಕದಲ್ಲಿ ಅದು ಫಿಲ್ಟರ್ ಅಲ್ಲ. ಆದರೆ ರಚನೆಯಲ್ಲಿ ಆಕ್ಟಿಸಲೇಟ್ ಎಂಬ ಕೆಮಿಕಲ್ ಫಿಲ್ಟರ್‌ನ ಹತ್ತಿರದ ಸಂಬಂಧಿ, ಎಸ್‌ಪಿಎಫ್ ಏರಿಸುತ್ತದೆ. ಅಪಾಯ ಎಂದು ಹೇಳುತ್ತಿಲ್ಲ. ಪೂರ್ತಿ ಖನಿಜದ್ದೇ ಬೇಕು ಎನ್ನುವವರಿಗೆ ಗೊತ್ತಿರಲಿ.

ಖನಿಜದ ಕ್ರೀಮ್ ಒಗ್ಗುವುದೇ ಇಲ್ಲ ಎನ್ನುವವರಿಗೂ ದಾರಿ ಇದೆ. ಬೆಮೋಟ್ರಿಜಿನಾಲ್, ಬಿಸಾಕ್ಟ್ರಿಜೋಲ್ ಮುಂತಾದ ಹೊಸ ಫಿಲ್ಟರ್‌ಗಳ ಅಣುಗಳು ದೊಡ್ಡವು. ಚರ್ಮದೊಳಗೆ ಇಳಿಯುವುದು ತುಂಬಾ ಕಡಿಮೆ, ಬಿಸಿಲಿಗೆ ಬೇಗ ಒಡೆಯುವುದೂ ಇಲ್ಲ. ಯುರೋಪಿನಲ್ಲಿ ವರ್ಷಗಳಿಂದ ಬಳಕೆಯಲ್ಲಿವೆ.

4. ‘ರೀಫ್ ಸೇಫ್’ ಎಂಬ ಬರಹವನ್ನು ಹಾಗೇ ನಂಬಬೇಡಿ

‘ಹವಳಕ್ಕೆ ಹಾನಿಯಿಲ್ಲ’ ಎಂಬ ಅರ್ಥದ ಈ ಪದಕ್ಕೆ ಎಲ್ಲರೂ ಒಪ್ಪಿದ ಕಾನೂನಿನ ವ್ಯಾಖ್ಯೆ ಇಲ್ಲ. ಆಕ್ಸಿಬೆಂಜೋನ್ ಮತ್ತು ಆಕ್ಟಿನೋಕ್ಸೇಟ್ ತೆಗೆದುಹಾಕಿ, ಉಳಿದದ್ದೆಲ್ಲ ಹಾಗೇ ಇಟ್ಟುಕೊಂಡ ಕ್ರೀಮ್ ಕೂಡ ಹೀಗೆ ಹೇಳಿಕೊಳ್ಳಬಹುದು.

ಕಾನೂನುಗಳನ್ನೇ ನೋಡಿದರೆ ಹೆಚ್ಚು ತಿಳಿಯುತ್ತದೆ. ಹವಾಯಿ ಆ ಎರಡು ಫಿಲ್ಟರ್‌ಗಳಿರುವ ಸನ್‌ಸ್ಕ್ರೀನ್ ಮಾರಾಟವನ್ನು 2021ರ ಜನವರಿ 1ರಿಂದ ನಿಲ್ಲಿಸಿತು. ವೈದ್ಯರ ಚೀಟಿ ಇದ್ದವರಿಗೆ ಮಾತ್ರ ವಿನಾಯಿತಿ. ಪೆಸಿಫಿಕ್ ಸಾಗರದ ಪುಟ್ಟ ದೇಶ ಪಲಾವ್ ಅದಕ್ಕೂ ಒಂದು ವರ್ಷ ಮೊದಲೇ 10 ವಸ್ತುಗಳನ್ನು ನಿಷೇಧಿಸಿತ್ತು. ಥಾಯ್ಲೆಂಡ್ 2021ರಲ್ಲಿ ತನ್ನ ಸಾಗರ ರಾಷ್ಟ್ರೀಯ ಉದ್ಯಾನಗಳಲ್ಲಿ ನಾಲ್ಕಕ್ಕೆ ತಡೆ ಹಾಕಿತು: ಆಕ್ಸಿಬೆಂಜೋನ್, ಆಕ್ಟಿನೋಕ್ಸೇಟ್, 4-ಎಂಬಿಸಿ, ಬ್ಯುಟೈಲ್‌ಪ್ಯಾರಬೆನ್. ಇಂಥ ಕಡೆ ಪ್ರವಾಸ ಹೊರಟವರು ಮೊದಲೇ ನಿಯಮ ನೋಡಿಕೊಂಡು ಟ್ಯೂಬ್ ತೆಗೆದುಕೊಳ್ಳಿ.

ಆಕ್ಸಿಬೆಂಜೋನ್ ಹವಳಕ್ಕೆ ಹೇಗೆ ಕೇಡು ಮಾಡುತ್ತದೆ ಎಂಬುದಕ್ಕೆ 2022ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಉತ್ತರ ಕಂಡುಕೊಂಡರು. ನಮ್ಮ ಚರ್ಮದ ಮೇಲೆ ಇದು ಬಿಸಿಲಿನ ಶಕ್ತಿಯನ್ನು ಶಾಖವಾಗಿ ಬದಲಿಸಿ ಬಿಟ್ಟುಬಿಡುತ್ತದೆ. ಹವಳದ ಬಳಗಕ್ಕೆ ಸೇರಿದ ಸೀ ಅನಿಮೋನ್ ಎಂಬ ಜೀವಿ ಮಾತ್ರ ಇದಕ್ಕೆ ಸಕ್ಕರೆಯ ಅಣು ಅಂಟಿಸುತ್ತದೆ. ಹಾಗೆ ಬದಲಾದ ವಸ್ತು ಬಿಸಿಲಿನಲ್ಲಿ ವಿಷವಾಗುತ್ತದೆ. ರಕ್ಷಣೆಗೆಂದು ಮಾಡಿದ ವಸ್ತುವೇ ಆ ಜೀವಿಯೊಳಗೆ ತಿರುಗಿ ಬೀಳುತ್ತದೆ. ಅದರ ಮೈಯೊಳಗೆ ವಾಸವಿರುವ ಪಾಚಿಗಳು ಈ ವಿಷದ ಒಂದು ಪಾಲನ್ನು ಹಿಡಿದಿಟ್ಟು ಕಾಪಾಡುತ್ತವೆ. ಕಡಲು ಬಿಸಿಯಾಗಿ ಪಾಚಿ ಕಳೆದುಕೊಂಡು ಬೆಳ್ಳಗಾದ ಹವಳಕ್ಕೆ ಆ ಕಾವಲೂ ಇಲ್ಲ.

ಹವಳ ಸಾಯಲು ಮುಖ್ಯ ಕಾರಣ ಕಡಲು ಬಿಸಿಯಾಗುತ್ತಿರುವುದು, ಇದರಲ್ಲಿ ಅನುಮಾನ ಬೇಡ. ಸನ್‌ಸ್ಕ್ರೀನ್ ಬದಲಿಸಿದ ಮಾತ್ರಕ್ಕೆ ಹವಳ ಉಳಿಯುವುದಿಲ್ಲ. ಆದರೆ ಈಗಾಗಲೇ ಸೊರಗಿರುವ ಜೀವಿಗೆ ಇನ್ನೊಂದು ಪೆಟ್ಟು ಕೊಡದೆ ಇರುವುದು ನಮ್ಮ ಕೈಯಲ್ಲಿದೆ.

ಖನಿಜದ ಫಿಲ್ಟರ್‌ಗಳೂ ಪೂರ್ತಿ ನಿರಪರಾಧಿಗಳಲ್ಲ. ಅತಿ ಸಣ್ಣ ಕಣದ ಜಿಂಕ್ ನೀರಿನ ಜೀವಿಗಳಿಗೆ ಹಾನಿ ಮಾಡಬಲ್ಲದು. ಅದಕ್ಕೇ ‘ನಾನ್ ನ್ಯಾನೋ’, ಅಂದರೆ ಅಷ್ಟು ಸಣ್ಣ ಕಣಗಳಿಲ್ಲದ್ದು ಎಂದು ಬರೆದಿರುವುದನ್ನು ಆರಿಸುವುದು ವಾಸಿ. ಇನ್ನು, ನಾನು ಕಡಲಿಗೇ ಹೋಗುವುದಿಲ್ಲ ಎನ್ನುವವರು ಸ್ನಾನದ ನೀರನ್ನು ನೆನಪಿಡಿ. ಕೊಳಚೆ ನೀರು ಶುದ್ಧೀಕರಿಸುವ ಘಟಕಗಳು ಈ ರಾಸಾಯನಿಕಗಳನ್ನು ಪೂರ್ತಿಯಾಗಿ ತೆಗೆಯುವುದಿಲ್ಲ.

5. ಸ್ಪ್ರೇ ಬಿಟ್ಟು ಕ್ರೀಮ್ ತೆಗೆದುಕೊಳ್ಳಿ

ಸ್ಪ್ರೇ ಮಾಡಿದಾಗ ಒಂದಷ್ಟು ಶ್ವಾಸಕ್ಕೆ ಹೋಗುತ್ತದೆ, ಒಂದಷ್ಟು ಗಾಳಿ ಮತ್ತು ಮರಳಿನ ಪಾಲಾಗುತ್ತದೆ. ಚರ್ಮದ ಮೇಲೆ ಎಷ್ಟು ಕೂತಿತು ಎಂದು ತಿಳಿಯುವುದಿಲ್ಲ. ಚರ್ಮದ ಮೇಲೆ ತೊಂದರೆ ಕೊಡದ ಟೈಟಾನಿಯಂ ಡೈಆಕ್ಸೈಡ್ ಪುಡಿಯಾಗಿ ಉಸಿರಿನಲ್ಲಿ ಸೇರಿದರೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. 2021ರಲ್ಲಿ ಅಮೆರಿಕದಲ್ಲಿ ಕೆಲವು ಸ್ಪ್ರೇ ಸನ್‌ಸ್ಕ್ರೀನ್‌ಗಳಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ಸಿಕ್ಕಿ, ಅವನ್ನು ಮಾರುಕಟ್ಟೆಯಿಂದ ವಾಪಸ್ ಪಡೆದರು. ಬೇರೆ ಏನೂ ಇಲ್ಲದಿದ್ದರೆ ಅಂಗೈಗೆ ಸಿಂಪಡಿಸಿಕೊಂಡು ಹಚ್ಚಿ, ಮುಖಕ್ಕೆ ನೇರವಾಗಿ ಬೇಡ.

6. ನಿಮ್ಮ ಚರ್ಮಕ್ಕೆ ಹೊಂದುತ್ತದೆಯೇ?

ಬಂಗು ಇರುವವರು, ಕಲೆ ಬೇಗ ಉಳಿಯುವ ಕಪ್ಪು ಮತ್ತು ಗೋಧಿ ಬಣ್ಣದ ಚರ್ಮದವರು ಬಣ್ಣ ಬೆರೆಸಿದ, ಅಂದರೆ ಟಿಂಟೆಡ್ ಸನ್‌ಸ್ಕ್ರೀನ್ ನೋಡಿ. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಬಂಗು ಗಾಢವಾಗಲು ಆ ಬೆಳಕೂ ಕಾರಣ. ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಖನಿಜದ ಕ್ರೀಮ್ ಬಿಳಿ ಬಿಳಿಯಾಗಿ ಕಾಣುವ ಕಿರಿಕಿರಿಯೂ ಬಣ್ಣದಿಂದ ತಗ್ಗುತ್ತದೆ.

ಸೂಕ್ಷ್ಮ ಚರ್ಮದವರು ಸುಗಂಧ ಇಲ್ಲದ್ದನ್ನು ಆರಿಸಿ. ಮೊದಲು ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ಆರು ತಿಂಗಳೊಳಗಿನ ಮಕ್ಕಳಿಗೆ ಸನ್‌ಸ್ಕ್ರೀನ್ ಬೇಡ, ನೆರಳು ಮತ್ತು ಬಟ್ಟೆಯೇ ಸರಿ.

ಎಣ್ಣೆಗೆ ಜಿಂಕ್ ಪುಡಿ ಕಲಸಿ ಮನೆಯಲ್ಲೇ ಸನ್‌ಸ್ಕ್ರೀನ್ ಮಾಡುವ ಸಲಹೆಗಳು ಸಿಗುತ್ತವೆ. ದಯವಿಟ್ಟು ಮಾಡಬೇಡಿ. ಕಣಗಳು ಸಮನಾಗಿ ಹರಡದೆ ಗಂಟು ಕಟ್ಟುತ್ತವೆ, ರಕ್ಷಣೆ ಎಷ್ಟಿದೆ ಎಂದು ಮನೆಯಲ್ಲಿ ಅಳೆಯಲು ಆಗುವುದಿಲ್ಲ.

7. ಸಾಕಷ್ಟು ಹಚ್ಚಿ

ಎಸ್‌ಪಿಎಫ್ ಅಂಕಿ ಬರುವುದು ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಮಾಡಿದ ಪರೀಕ್ಷೆಯಿಂದ. ಹೆಚ್ಚಿನವರು ಹಚ್ಚುವುದು ಅದರ ಅರ್ಧ ಅಥವಾ ಕಾಲು ಪಾಲು. ಹಾಗಾದರೆ ಟ್ಯೂಬ್ ಮೇಲಿನ ಅಂಕಿಗೆ ಅರ್ಥವೇ ಉಳಿಯುವುದಿಲ್ಲ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ವಯಸ್ಕರ ಇಡೀ ಮೈಗೆ ಸುಮಾರು 30 ಮಿಲಿಲೀಟರ್. ಕಿವಿ, ಕುತ್ತಿಗೆಯ ಹಿಂಭಾಗ, ಪಾದದ ಮೇಲ್ಭಾಗ ಮರೆಯಬೇಡಿ. ಬಿಸಿಲಿಗೆ ಹೋಗುವ 15 ನಿಮಿಷ ಮೊದಲು ಹಚ್ಚಿ, ಆಮೇಲೆ ಎರಡು ಗಂಟೆಗೊಮ್ಮೆ. ಈಜಿದ ಮೇಲೆ, ಬೆವರು ಒರೆಸಿದ ಮೇಲೆ ಕೂಡಲೇ ಮತ್ತೊಮ್ಮೆ.

8. ಇಡುವುದು, ಎಸೆಯುವುದು

ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಟ್ಯೂಬ್ ಬಿಡಬೇಡಿ, ಶಾಖಕ್ಕೆ ಕ್ರೀಮ್ ಕೆಡುತ್ತದೆ. ನೀರು ಬೇರೆ ಕ್ರೀಮ್ ಬೇರೆ ಆಗಿದ್ದರೆ, ವಾಸನೆ ಬದಲಾಗಿದ್ದರೆ, ಅವಧಿ ಮುಗಿದಿದ್ದರೆ ಬಳಸಬೇಡಿ. ಆಕ್ಟೋಕ್ರಿಲೀನ್ ಎಂಬ ಕೆಮಿಕಲ್ ಫಿಲ್ಟರ್ ಇರುವ ಹಳೆಯ ಟ್ಯೂಬ್‌ಗಳನ್ನಂತೂ ಇಟ್ಟುಕೊಳ್ಳಲೇಬೇಡಿ. ಅದು ಕಾಲ ಕಳೆದಂತೆ ಬೆಂಜೋಫಿನೋನ್ ಎಂಬ ಬೇಡದ ವಸ್ತುವಾಗಿ ಒಡೆಯುತ್ತದೆ ಎಂದು 2021ರ ಸಂಶೋಧನೆ ತೋರಿಸಿದೆ. ಉಳಿದ ಕ್ರೀಮನ್ನು ಸಿಂಕಿನಲ್ಲಿ ತೊಳೆದು ಬಿಡದೆ, ಮುಚ್ಚಳ ಭದ್ರ ಮಾಡಿ ಟ್ಯೂಬ್ ಸಮೇತ ಕಸಕ್ಕೆ ಹಾಕಿ.