ಪತ್ರಿಕಾ ವರದಿ ಉಲ್ಲೇಖಿಸುವಾಗ ಇಸವಿಯೊಂದೇ ಸಾಲದು
ಪ್ರಬಂಧದಲ್ಲಿ ಪತ್ರಿಕಾ ವರದಿಯನ್ನು ಉಲ್ಲೇಖಿಸುವವರಲ್ಲಿ ಹಲವರು ಇಸವಿ ಬರೆದು ಕೈತೊಳೆದುಕೊಳ್ಳುತ್ತಾರೆ. ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಸಂಚಿಕೆ ತರುವ ದಿನಪತ್ರಿಕೆಯಲ್ಲಿ ಓದುಗ ಯಾವುದನ್ನು ಹುಡುಕಬೇಕು? ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಉಲ್ಲೇಖ ಶೈಲಿಯ ಕೈಪಿಡಿಯ 7ನೇ ಆವೃತ್ತಿಯ ಪ್ರಕಾರ ಆಕರಪಟ್ಟಿಯಲ್ಲಿ ಲೇಖಕರ ಹೆಸರು, ‘(2023, ಮಾರ್ಚ್ 14)’ ಎಂಬಂತೆ ಪೂರ್ಣ ದಿನಾಂಕ, ಶೀರ್ಷಿಕೆ, ಓರೆ ಅಕ್ಷರದಲ್ಲಿ ಪತ್ರಿಕೆಯ ಹೆಸರು, ಕೊನೆಗೆ ಪುಟಸಂಖ್ಯೆ ಬರಬೇಕು. ಬರಹದ ನಡುವೆ ಇಸವಿ ಸಾಕು. ಜಾಲತಾಣದಲ್ಲಿ ಓದಿದ್ದರೆ ಪುಟಸಂಖ್ಯೆಯ ಬದಲು ಕೊಂಡಿ ಕೊಡಿ.

ವರದಿಗಾರರ ಹೆಸರಿಲ್ಲವೇ? ಶೀರ್ಷಿಕೆಯನ್ನೇ ಮೊದಲಿಗೆ ತನ್ನಿ. ‘ಅನಾಮಿಕ’ ಎಂದು ನೀವಾಗಿಯೇ ನಾಮಕರಣ ಮಾಡಬೇಡಿ.

ಪತ್ರಿಕೆಯಿಂದ ಕತ್ತರಿಸಿದ ತುಣುಕಿನ ಅಂಚಿನಲ್ಲಿ ದಿನಾಂಕ, ಪುಟವನ್ನು ಆಗಲೇ ಗೀಚಿಡಿ. ಹಾಗೆ ಮಾಡದೆ, ಒಂದೇ ಒಂದು ದಿನಾಂಕಕ್ಕಾಗಿ ನಾನು ಗ್ರಂಥಾಲಯದಲ್ಲಿ ಎರಡು ದಿನ ಧೂಳು ಕುಡಿದಿದ್ದೇನೆ.